ಮನೆಯವರ ಮೂಗಿಗೆ ಸಿಗದ ಪರಿಮಳ

ಹೋಂಸ್ಟೇ ನಡೆಸುವವರಿಗೆ ತಮ್ಮ ಕೋಣೆಯ ವಾಸನೆ ಎಂಥದ್ದು ಎಂದು ಗೊತ್ತಿರುವುದಿಲ್ಲ. ಅದು ಅಜಾಗರೂಕತೆಯಲ್ಲ, ಮೂಗಿನ ಸ್ವಭಾವ. ಒಂದೇ ವಾಸನೆ ಬಿಡದೆ ತಾಗುತ್ತಿದ್ದರೆ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಕೆಲವೇ ನಿಮಿಷಗಳಲ್ಲಿ ಮಂಕಾಗುತ್ತವೆ, ಮಿದುಳೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕಮಗಳೂರಿನಲ್ಲೋ ಮಡಿಕೇರಿಯಲ್ಲೋ ತೋಟದ ಮನೆಯಲ್ಲಿ ದಿನವೂ ಫಿನಾಯಿಲ್ ಹಾಕಿ ನೆಲ ಒರೆಸಿ, ಅಗರಬತ್ತಿ ಹಚ್ಚಿ, ಸಿಂಕಿನ ಜಾಲರಿಯ ಮೇಲೆ ನುಸಿಗುಳಿಗೆ ಇಟ್ಟು, ರೂಮ್ ಫ್ರೆಶ್‌ನರ್ ಸಿಂಪಡಿಸುವವರಿಗೆ ಆ ನಾಲ್ಕೂ ಸೇರಿದ ಘಾಟು ತಿಳಿಯುವುದೇ ಇಲ್ಲ. ಬೆಂಗಳೂರಿನಿಂದ ಐದಾರು ಗಂಟೆ ಪ್ರಯಾಣ ಮಾಡಿ ಬಂದು ಬಾಗಿಲು ತೆರೆಯುವ ಅತಿಥಿಗೆ ಮೊದಲ ಉಸಿರಿನಲ್ಲೇ ತಿಳಿಯುತ್ತದೆ. ಮೈಗ್ರೇನ್ ಇರುವವರಾದರೆ ಆ ದಿನದ ಸುತ್ತಾಟ ಅಲ್ಲಿಗೇ ಮುಗಿಯಬಹುದು. ಆಸ್ತಮಾ ಇರುವವರು ಇನ್‌ಹೇಲರ್ ಹುಡುಕಬೇಕಾಗಬಹುದು.

ಮೂಗಿನ ತೊಂದರೆಯಾದರೆ ಅತಿಥಿ ಬಾಯಿಬಿಟ್ಟು ಹೇಳಿಯಾನು. ಚರ್ಮದ ತೊಂದರೆ ಹಾಗಲ್ಲ, ಅದು ತಡವಾಗಿ ಬರುತ್ತದೆ. ಪರಿಮಳದ ಅಣುಗಳು ತೀರಾ ಸಣ್ಣವು. ಅವು ಚರ್ಮದ ಹೊರಪದರವನ್ನು ಸುಲಭವಾಗಿ ದಾಟಿ ಒಳಗಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಕೆಲವರ ರೋಗನಿರೋಧಕ ವ್ಯವಸ್ಥೆ ಈ ಜೋಡಿಯನ್ನು ಪರಕೀಯವೆಂದು ಗುರುತಿಸಿ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಅದೇ ಅಣು ತಾಗಿದಾಗ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಜಮಾಯಿಸಿ ಉರಿಯೂತ ಎಬ್ಬಿಸಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ. ಚರ್ಮರೋಗ ತಜ್ಞರು ಅಲರ್ಜಿ ಪತ್ತೆಗೆ ಪ್ಯಾಚ್ ಟೆಸ್ಟ್ ಮಾಡುವಾಗ ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು ಎರಡು ದಿನ ತೆಗೆಯದೆ ಇರುವುದು ಇದೇ ಕಾರಣಕ್ಕೆ. ಶನಿವಾರ ಬಂದು ಭಾನುವಾರ ಹೊರಟ ಅತಿಥಿಗೆ ತುರಿಕೆ, ದದ್ದು ಶುರುವಾಗುವುದು ಮಂಗಳವಾರ, ಕಚೇರಿಯಲ್ಲಿ ಕೂತಿರುವಾಗ. ಅಷ್ಟರಲ್ಲಿ ಅವರು ಐದು ನಕ್ಷತ್ರ ಕೊಟ್ಟು ‘ಘಮಘಮಿಸುವ ಕೋಣೆ’ ಎಂದು ಬರೆದೂ ಆಗಿರುತ್ತದೆ. ಯಾರೂ ದೂರಲಿಲ್ಲವೆಂದರೆ ಯಾರಿಗೂ ತೊಂದರೆಯಾಗಿಲ್ಲ ಎಂದು ಅರ್ಥವಲ್ಲ. ಯುರೋಪಿನ ಅಂದಾಜಿನ ಪ್ರಕಾರ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಪರಿಮಳದ್ರವ್ಯಗಳ ಅಲರ್ಜಿ ಇದೆ. ವಾರಾಂತ್ಯವೆಲ್ಲ ತುಂಬಿರುವ ಮನೆಗೆ ವರ್ಷದಲ್ಲಿ ಅಂಥವರು ಬಂದೇ ಬರುತ್ತಾರೆ.

‘ನಮ್ಮದು ನೈಸರ್ಗಿಕ, ನಿಂಬೆಹುಲ್ಲಿನ ಎಣ್ಣೆಯದು’ ಎನ್ನುವವರಿಗೆ ಒಂದು ಮಾತು. ಟಿ ಕೋಶಕ್ಕೆ ಗಿಡ ಯಾವುದು, ಕಾರ್ಖಾನೆ ಯಾವುದು ಎಂಬ ಭೇದವಿಲ್ಲ. ನಿಂಬೆಹುಲ್ಲಿನ ಸಿಟ್ರಾಲ್ ಗೊತ್ತಿರುವ ಅಲರ್ಜಿಕಾರಕ. ಲ್ಯಾವೆಂಡರ್‌ನಲ್ಲಿರುವ ಲಿನಾಲೂಲ್, ಕಿತ್ತಳೆ ಸಿಪ್ಪೆಯ ಲಿಮೊನೀನ್ ಇವುಗಳ ಬಗೆ ಇನ್ನೂ ವಿಚಿತ್ರ. ತಾಜಾ ಇರುವಾಗ ಅವು ಹೆಚ್ಚುಕಡಿಮೆ ನಿರಪಾಯಕಾರಿ. ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹೈಡ್ರೊಪೆರಾಕ್ಸೈಡ್ ಆದ ಮೇಲೆ ಬಲವಾದ ಅಲರ್ಜಿಕಾರಕಗಳಾಗುತ್ತವೆ. ಅಂದರೆ ಮುಚ್ಚಳ ತೆರೆದು ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತ ಎಣ್ಣೆ ಹೊಸ ಶೀಶೆಯದಕ್ಕಿಂತ ಕೆಟ್ಟದ್ದು.

ಹಾಗಾದರೆ ಬದಲಾವಣೆ ಎಲ್ಲಿಂದ? ಎಲ್ಲರೂ ಸೋಪು, ಶಾಂಪೂಗಳಿಂದ ಶುರುಮಾಡುತ್ತಾರೆ. ನನ್ನನ್ನು ಕೇಳಿದರೆ ಹಾಸಿಗೆಯಿಂದ. ಸೋಪು ಮೈಮೇಲಿರುವುದು ಒಂದೆರಡು ನಿಮಿಷ, ಆಮೇಲೆ ನೀರಿನಲ್ಲಿ ಹೋಗುತ್ತದೆ. ಯುರೋಪಿನ ಕಾನೂನಿನಲ್ಲೂ ಈ ಲೆಕ್ಕವಿದೆ: ಪಟ್ಟಿಯಲ್ಲಿರುವ ಅಲರ್ಜಿಕಾರಕ ತೊಳೆದುಹೋಗುವ ವಸ್ತುವಿನಲ್ಲಿ ಶೇ. 0.01 ಮೀರಿದರೆ ಲೇಬಲ್ಲಿನಲ್ಲಿ ಅದರ ಹೆಸರು ಬರೆಯಬೇಕು, ಮೈಮೇಲೆ ಉಳಿಯುವ ಕ್ರೀಮಿನಲ್ಲಾದರೆ ಶೇ. 0.001 ಮೀರಿದರೇ ಸಾಕು. ದಿಂಬಿನ ಕವರು, ಹೊದಿಕೆ ರಾತ್ರಿಯಿಡೀ ಮುಖಕ್ಕೆ, ಕತ್ತಿಗೆ ತಾಗಿರುತ್ತವೆ. ಕೆಲವು ಫ್ಯಾಬ್ರಿಕ್ ಕಂಡೀಷನರ್‌ಗಳಲ್ಲಿ ಪರಿಮಳವನ್ನು ಕಣ್ಣಿಗೆ ಕಾಣದ ಪುಟ್ಟ ಕ್ಯಾಪ್ಸೂಲುಗಳೊಳಗೆ ತುಂಬಿರುತ್ತಾರೆ. ಅವು ಹತ್ತಿಯ ಎಳೆಗೆ ಅಂಟಿಕೊಂಡು, ಮೈ ಉಜ್ಜಿದಾಗಲೆಲ್ಲ ಒಡೆಯುತ್ತವೆ. ಸೋಪನ್ನು ಅತಿಥಿ ಮನೆಯಿಂದ ತಂದುಕೊಳ್ಳಬಹುದು, ಹಾಸಿಗೆ ತರಲಾರರು. ಆದ್ದರಿಂದ ಮೊದಲು ಕಂಡೀಷನರ್ ಬಿಟ್ಟು, ಪರಿಮಳವಿಲ್ಲದ ಪುಡಿಯಲ್ಲಿ ಒಗೆದು, ಬಿಸಿಲಿಗೆ ಹಾಕಿ. ಹಳೆಯ ವಾಸನೆ ಒಂದೇ ಒಗೆತಕ್ಕೆ ಹೋಗುವುದಿಲ್ಲ.

ಸೋಪು, ಶಾಂಪೂ ಕೊಳ್ಳುವಾಗ ಎದುರಿನ ದೊಡ್ಡಕ್ಷರ ಬಿಟ್ಟು ಹಿಂದಿನ ಸಣ್ಣಕ್ಷರ ಓದಬೇಕು. ‘ಅನ್‌ಸೆಂಟೆಡ್’ ಎಂದಿದ್ದ ಮಾತ್ರಕ್ಕೆ ಪರಿಮಳದ್ರವ್ಯ ಇಲ್ಲವೆಂದಲ್ಲ, ಕಚ್ಚಾವಸ್ತುವಿನ ವಾಸನೆ ಮುಚ್ಚಲು ಒಂದಿಷ್ಟು ಸೇರಿಸಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಎಂದಿದ್ದು, ಪಟ್ಟಿಯಲ್ಲಿ ‘ಪರ್ಫ್ಯೂಮ್’ ಆಗಲಿ ಗಿಡದ ಪರಿಮಳದೆಣ್ಣೆಗಳಾಗಲಿ ಇಲ್ಲದಿದ್ದರೆ ಸರಿ. ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಲ್ಲವು. ಯುರೋಪಿನಲ್ಲಿ ಹೆಸರಿಸಲೇಬೇಕಾದವು ಮೊದಲು 26 ಇದ್ದವು, 2023ರ ನಿಯಮ ಅದನ್ನು 80ಕ್ಕೂ ಮೇಲೆ ಒಯ್ದಿದೆ. ಇನ್ನೊಂದು ಹೆಸರನ್ನೂ ಹುಡುಕಿ: ಮೀಥೈಲ್‌ಐಸೊಥಯಾಜೊಲಿನೋನ್. ಪರಿಮಳಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಕೆಡದಂತೆ ಕಾಯುವ ರಾಸಾಯನಿಕ. ಆದರೂ ಎಷ್ಟು ಜನರ ಚರ್ಮ ಕೆಡಿಸಿತೆಂದರೆ, ಮೈಮೇಲೆ ಉಳಿಯುವ ಪ್ರಸಾಧನಗಳಲ್ಲಿ ಯುರೋಪು ಅದನ್ನು ನಿಷೇಧಿಸಿದೆ.

ಕೊಂಡದ್ದನ್ನು ಚೆಂದದ ಪಿಂಗಾಣಿ ಶೀಶೆಗೆ ಸುರಿದಿಡುವ ಶೋಕಿ ಬೇಡ. ಅಲರ್ಜಿ ಇರುವವರಿಗೆ ಬೇಕಿರುವುದು ಲೇಬಲ್ಲು. ತಳದಲ್ಲಿ ಉಳಿದ ಶಾಂಪೂವಿಗೆ ನೀರು ಬೆರೆಸುವ ನಮ್ಮೆಲ್ಲರ ಮನೆಯ ಉಳಿತಾಯ ಬುದ್ಧಿಯೂ ಅಲ್ಲಿ ಬೇಡ. ಸಂರಕ್ಷಕ ತೆಳುವಾದರೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಇನ್ನು 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆದ ನಾಡಿನವರು ಗಂಧದ ಸೋಪನ್ನು ಬಿಡಲು ಒಪ್ಪುತ್ತಾರೆಯೇ? ಬಿಡಬೇಕಾಗಿಲ್ಲ. ಪೊಟ್ಟಣ ಒಡೆಯದೆ, ಹೊರಡುವಾಗ ಉಡುಗೊರೆಯಾಗಿ ಕೈಗಿಡಿ.

ಮಲೆನಾಡಿನ ಮಳೆಗಾಲದ ಪ್ರಶ್ನೆಯೊಂದು ಉಳಿಯುತ್ತದೆ. ಜೂನ್ ಕಳೆದರೆ ಗೋಡೆ, ಹಾಸಿಗೆ, ಕಪಾಟು ಎಲ್ಲ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಫ್ರೆಶ್‌ನರ್ ಕೊಳ್ಳುವುದು ಅದನ್ನು ಮುಚ್ಚಲಿಕ್ಕೇ. ಬೂಷ್ಟಿನ ಬೀಜಾಣುಗಳು ಹಾಗೆಯೇ ಇರುತ್ತವೆ, ಆಸ್ತಮಾ ಕೆರಳಿಸುವ ಎರಡನೆಯದೊಂದು ಗಾಳಿಗೆ ಸೇರುತ್ತದೆ. ನುಸಿಗುಳಿಗೆಯಂತೂ ತೆಗೆದೇಬಿಡಿ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಅದೇ ದುಡ್ಡಿನಲ್ಲಿ ಬಚ್ಚಲಿಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಮಂಚವನ್ನು ಗೋಡೆಯಿಂದ ಗೇಣು ದೂರ ಸರಿಸಿ. ಆಮೇಲೂ ವಾಸನೆ ಬರುತ್ತಿದೆಯೇ ಎಂದು ನೀವೇ ಮೂಸಿ ನೋಡಿ ಪ್ರಯೋಜನವಿಲ್ಲ, ಪಕ್ಕದ ತೋಟದವರನ್ನು ಒಮ್ಮೆ ಕರೆದು ಕೇಳಿ.