ಸಾಲು ಬಿಟ್ಟ ನೇಗಿಲು

‘ಆಪರೇಷನ್ ಚೆನ್ನಾಗಾಯ್ತು, ಆದ್ರೆ ಅಪ್ಪಾರಿಗೆ ಗಾಳಿ ಸೋಕಿದೆ ಕಣ್ರೀ.’ ಬೈಪಾಸ್ ಆದ ಎರಡನೇ ರಾತ್ರಿ ಐಸಿಯು ಬಾಗಿಲಲ್ಲಿ ಸಕಲೇಶಪುರದ ಕಡೆಯವರು ಹೀಗೆ ಪಿಸುಗುಟ್ಟುವುದುಂಟು. ಎಪ್ಪತ್ತೈದರ ಯಜಮಾನರು ಡ್ರಿಪ್ ಕೀಳುತ್ತಾರೆ, ಗೋಡೆ ಮೇಲೆ ಇರುವೆ ಸಾಲು ಕಾಣುತ್ತಾರೆ, ತೋಟದಲ್ಲಿ ಆಳು ಕಾಯ್ತಿದ್ದಾರೆ ಎಂದು ಮಂಚ ಇಳಿಯಲು ಹೋಗುತ್ತಾರೆ. ಒಬ್ಬರು ತಾಯಿತ ತರಿಸುತ್ತಾರೆ. ಇನ್ನೊಬ್ಬರು ‘ವಯಸ್ಸಾಯ್ತಲ್ಲ, ಅರಳುಮರಳು’ ಎನ್ನುತ್ತಾರೆ. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯ, ಕೇಳಲು ವಿಜ್ಞಾನದಂತೆಯೇ ಇರುತ್ತದೆ.

ಇದು ಡೆಲಿರಿಯಂ, ಮಿದುಳಿನ ದಿಢೀರ್ ಗೊಂದಲ. ಲ್ಯಾಟಿನ್‌ನಲ್ಲಿ ‘ಲೀರಾ’ ಎಂದರೆ ಉತ್ತ ಸಾಲು. ಸಾಲು ಬಿಟ್ಟು ಹೋಗುವುದು ಡೆಲಿರಿಯಂ. ಇದಕ್ಕಿಂತ ಸರಿಯಾದ ಹೆಸರು ಸಿಗದು. ಮರೆಗುಳಿತನ ವರ್ಷಗಟ್ಟಲೆ ಬೆಳೆಯುತ್ತದೆ. ಇದು ಗಂಟೆಗಳಲ್ಲಿ ಬಂದು, ಬೆಳಿಗ್ಗೆ ಇಳಿದು, ಸಂಜೆ ಏರುತ್ತದೆ. ಕೂಗಾಡುವವರನ್ನು ಎಲ್ಲರೂ ನೋಡುತ್ತಾರೆ. ಸುಮ್ಮನೆ ಮಂಕಾಗಿ ಮಲಗಿದವರನ್ನು ‘ಪಾಪ, ಸುಸ್ತು’ ಎಂದು ಬಿಟ್ಟುಬಿಡುತ್ತಾರೆ. ಪರೀಕ್ಷೆ ಸುಲಭ: ವಾರದ ಹೆಸರುಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸಿ. ನಿನ್ನೆ ಹೇಳಿದವರು ಇವತ್ತು ಶುಕ್ರವಾರಕ್ಕೇ ತಡವರಿಸಿದರೆ ನರ್ಸಮ್ಮನಿಗೆ ತಿಳಿಸಿ.

ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್ 1931ರಲ್ಲಿ ಒಬ್ಬ ರೋಗಿಯ ಸಾವನ್ನು ಕಣ್ಣೆದುರೇ ಕಂಡು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಹೃದಯ-ಶ್ವಾಸಕೋಶ ಯಂತ್ರದಿಂದ ರೋಗಿಯೊಬ್ಬರನ್ನು 26 ನಿಮಿಷ ಬದುಕಿಸಿದರು. ಆಮೇಲೆ ಹೃದಯದ ಆಪರೇಷನ್ ನಂತರದ ಮಂಕಿಗೆಲ್ಲ ಆ ಯಂತ್ರವೇ ಕಾರಣವೆಂಬ ಮಾತು ಬಂತು. ಆದರೆ ಯಂತ್ರವಿಲ್ಲದೆ, ಬಡಿಯುವ ಹೃದಯದ ಮೇಲೆಯೇ ಬೈಪಾಸ್ ಮಾಡಿದಾಗಲೂ ನಿರೀಕ್ಷಿಸಿದಷ್ಟು ಲಾಭ ಮಿದುಳಿಗೆ ಸಿಗಲಿಲ್ಲ.

ಈಗಿನ ಮುಖ್ಯ ವಿವರಣೆ ಉರಿಯೂತದ್ದು. ಎದೆಮೂಳೆ ಸೀಳಿದ ಸುದ್ದಿ ರಕ್ತದ ಮೂಲಕ ಮಿದುಳಿಗೆ ಮುಟ್ಟುತ್ತದೆ, ಅಲ್ಲಿನ ಕಾವಲು ಕೋಶಗಳು ಏಳುತ್ತವೆ. ಚಿರತೆ ಬಂದು ಹೋದ ರಾತ್ರಿ ಎಸ್ಟೇಟಿನ ನಾಯಿಗಳನ್ನು ನೆನೆಸಿಕೊಳ್ಳಿ. ಚಿರತೆ ಹೋದರೂ ಬೊಗಳು ನಿಲ್ಲದು, ಲೈನ್ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಈ ನಾಯಿಗಳ ಸರಪಳಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ನೇಗಿಲು ಸಾಲಿನಲ್ಲಿರುವಂತೆ ಎತ್ತಿನ ಹಗ್ಗ ಹಿಡಿಯುವ ಕೈಯೂ ಅದೇ: ಗಮನ ನಿಲ್ಲುವುದು ಅದರಿಂದ. ವಯಸ್ಸಾದ ಮಿದುಳಿನಲ್ಲಿ ಅದು ಬೇಸಿಗೆಯ ಕೆರೆ, ಮೊದಲೇ ತಳ ಕಂಡಿದೆ. ಅಂಥ ಕೆರೆಗೆ ತೂಬು ತೆಗೆದಂತೆ ನೆಗಡಿಯ ಕ್ಲೋರ್‌ಫೆನಿರಮೈನ್, ಕೆಮ್ಮಿನ ಸಿರಪ್ಪಿನ ಡೈಫೆನ್‌ಹೈಡ್ರಮೈನ್.

ಹಾಗಾಗಿ ಬೆಂಗಳೂರಿಗೋ ಮೈಸೂರಿಗೋ ಹೊರಡುವ ಮುನ್ನ ಮನೆಯಲ್ಲಿರುವ ಮಾತ್ರೆ, ಸಿರಪ್ ಎಲ್ಲ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ನಿದ್ದೆಯ ಆಲ್‌ಪ್ರಾಜೋಲಾಂ ಇದ್ದರೆ ನೀವಾಗಿ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೂ ಡೆಲಿರಿಯಂ ಬರಬಹುದು. ಸಂಜೆಯ ಎರಡು ಪೆಗ್ ಮುಚ್ಚಿಡುವುದು ಎಲ್ಲಕ್ಕಿಂತ ದುಬಾರಿ: ಕುಡಿತ ನಿಂತ ಎರಡು-ಮೂರು ದಿನಕ್ಕೆ ನಡುಕ, ಭ್ರಮೆ ಉಲ್ಬಣಿಸಬಹುದು, ಅಷ್ಟರಲ್ಲಿ ಎದೆಯಲ್ಲಿ ಹೊಲಿಗೆ ಇರುತ್ತದೆ. ಹೊಗೆಸೊಪ್ಪನ್ನೂ ಹೇಳಿ. ದಿನಕ್ಕೆ ಐದು ಲೋಟ ಕಾಫಿಯವರು ವಾರ, ಹತ್ತು ದಿನ ಮೊದಲೇ ಒಂದೊಂದೇ ಲೋಟ ಇಳಿಸಿಕೊಂಡರೆ ತಲೆನೋವು ತಪ್ಪುತ್ತದೆ.

ಆಪರೇಷನ್ ಆದಮೇಲೆ ದೊಡ್ಡ ಔಷಧಿ ಕನ್ನಡಕ, ಕಿವಿ ಮಷಿನ್, ಹಲ್ಲಿನ ಸೆಟ್. ಇವನ್ನು ‘ಕಳೆದುಹೋಗುತ್ತೆ’ ಎಂದು ಮನೆಗೆ ಕಳಿಸುತ್ತಾರೆ. ಮಂಜು ಕವಿದ ಕಣ್ಣಿಗೆ ಡ್ರಿಪ್ಪಿನ ನೆರಳು ಇರುವೆಯಾಗುತ್ತದೆ. ಉಸಿರಿನ ನಳಿಕೆ ತೆಗೆದು ಪೂರ್ತಿ ಎಚ್ಚರಾದ ಕೂಡಲೇ ಕನ್ನಡಕ ಹಾಕಿಸಿ. ಹೆಸರು ಹಿಡಿದು ಕರೆದು ವಾರ, ಊರು ಹೇಳಿ. ಪದೇ ಪದೇ ಪರೀಕ್ಷೆ ಮಾಡುವ ಹಾಗೆ ಕೇಳುತ್ತಾ ಕೂರಬೇಡಿ. ಹಗಲು ಬೆಳಕು, ರಾತ್ರಿ ಕತ್ತಲು. ವೈದ್ಯರು ಒಪ್ಪಿದ ದಿನದಿಂದಲೇ ಕುರ್ಚಿ, ನಡಿಗೆ. ನೋವು ತಡೆದುಕೊಳ್ಳುವುದು ಶೌರ್ಯವಲ್ಲ, ನೋವೇ ನಿದ್ದೆ ಕೆಡಿಸಿ ಮಂಕು ತರುತ್ತದೆ. ಮಲ ಕಟ್ಟಿದ್ದರೆ, ಮೂತ್ರದ ನಳಿಕೆ ಬೇಡವಾದರೂ ಉಳಿದಿದ್ದರೆ ವಿಚಾರಿಸಿ. ಇಂಥ ಸಣ್ಣ ಆರೈಕೆಗಳಿಂದಲೇ, ಅಮೆರಿಕದ ವಿಶ್ವವಿದ್ಯಾಲಯವಾದ ಯೇಲ್‌ನಲ್ಲಿ ಸಾಮಾನ್ಯ ವಾರ್ಡಿನ 70 ತುಂಬಿದ 852 ಮಂದಿಯ ಅಧ್ಯಯನದಲ್ಲಿ, ಡೆಲಿರಿಯಂ ಶೇ. 15ರಿಂದ 9.9ಕ್ಕೆ ಇಳಿದದ್ದು 1999ರಲ್ಲಿ ಪ್ರಕಟವಾಯಿತು.

ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದರೆ ಅದು ಡೆಲಿರಿಯಂ ಎಂದು ಕಾಯಬೇಡಿ, ಪಾರ್ಶ್ವವಾಯು ಇರಬಹುದು, ಆ ಕ್ಷಣವೇ ಕೂಗಿ. ಮನೆಗೆ ಬಂದಮೇಲೂ ಲೆಕ್ಕ, ನೆನಪು ತಹಬಂದಿಗೆ ಬರಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ತೋಟದ ಕಾಗದಪತ್ರಕ್ಕೆ ಅವರ ಸಹಿ ಹಾಕಿಸಬೇಡಿ.