ಪಟ್ಟಿ ಮೊದಲೋ, ಸಿಡಿಮದ್ದು ಮೊದಲೋ?

ಕ್ವಾಲಾಲಂಪುರಕ್ಕೆ ಹೋದ ನಮ್ಮವರು ಬಾಟು ಕೇವ್ಸ್ ನೋಡದೆ ಬರುವುದು ಕಡಿಮೆ. 272 ಮೆಟ್ಟಿಲು ಹತ್ತಿ, ಮುರುಗನಿಗೆ ಕೈಮುಗಿದು, ಕೋತಿಗಳಿಂದ ಬ್ಯಾಗ್ ಕಾಪಾಡಿಕೊಂಡು ಇಳಿಯುತ್ತಾರೆ. ಅದೇ ಗುಡ್ಡದ ಬಂಡೆಗೆ ಮ್ಯಾಕ್ಸ್‌ಬರ್ರೆಟಿಯಾ ರುಪಿಕೋಲಾ ಎಂಬ ಕುಳ್ಳ ತಾಳೆ ಅಂಟಿಕೊಂಡಿದೆ. ಜಗತ್ತಿನಲ್ಲಿ ಅದು ಇರುವುದು ಮಲೇಷ್ಯಾದ ಸೆಲಂಗೋರ್ ರಾಜ್ಯದ ಬೆರಳೆಣಿಕೆಯ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಮಾತ್ರ. ಅದನ್ನು ನೋಡಲು ಯಾರೂ ಕತ್ತೆತ್ತುವುದಿಲ್ಲ, ಬಿಡಿ. ಆದರೆ ಇಂಥ ಗುಡ್ಡಗಳನ್ನು ಸಿಮೆಂಟಿಗಾಗಿ ಸಿಡಿಮದ್ದಿಟ್ಟು ಒಡೆಯುತ್ತಾರೆ. ಅದಕ್ಕೆ ಮೊದಲು ಅಲ್ಲಿನ ಗಿಡಗಳ ಪಟ್ಟಿ ಆಗುತ್ತದೋ ಇಲ್ಲವೋ, ಪ್ರಶ್ನೆ ಅದು.

ಬಾಟು ಗುಹೆಗಳ ಸುದ್ದಿ ಹೊರಜಗತ್ತಿಗೆ ಮುಟ್ಟಿದ್ದು 1878ರಲ್ಲಿ, ಅಮೆರಿಕದ ಪ್ರಾಣಿತಜ್ಞ ವಿಲಿಯಂ ಹಾರ್ನಡೇ ಮೂಲಕ. ಆಮೇಲೆ ಬ್ರಿಟಿಷ್ ಸಸ್ಯತಜ್ಞರು ಬಂದರು, ಕೈಗೆ ಸಿಕ್ಕಿದ್ದನ್ನು ಒಣಗಿಸಿ ಒಯ್ದರು. ಉತ್ತರಕ್ಕೆ, ಇಪೋ ನಗರದ ಸುತ್ತಲಿನ ಕಿಂಟಾ ಕಣಿವೆಯ ಸುಣ್ಣಕಲ್ಲಿನ ಗುಡ್ಡಗಳ ನಡುವೆಯಂತೂ ದಶಕಗಟ್ಟಲೆ ತವರದ ಗಣಿಗಳದ್ದೇ ಗಲಾಟೆ.

1970ರ ದಶಕದಲ್ಲಿ ಸಸ್ಯತಜ್ಞ ಎಸ್.ಸಿ. ಚಿನ್ ಮಲಯ ಪರ್ಯಾಯ ದ್ವೀಪದ ಸುಣ್ಣಕಲ್ಲಿನ ಗುಡ್ಡಗಳಿಂದ 1216 ಜಾತಿಯ ಗಿಡಗಳನ್ನು ಪಟ್ಟಿ ಮಾಡಿದರು. ಅಲ್ಲಿನ ನೆಲದಲ್ಲಿ ಈ ಗುಡ್ಡಗಳ ಪಾಲು ಶೇಕಡಾ 0.5ರಷ್ಟೂ ಇಲ್ಲ. ಇಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಹೇಗೆ? ಗುಡ್ಡದ ಬುಡ, ಕಡಿದಾದ ಗೋಡೆ, ಬಿಸಿಲು ಬೀಳುವ ತುದಿ, ಗುಹೆಯ ಬಾಯಿ: ಒಂದೊಂದು ಕಡೆ ಒಂದೊಂದು ಬಗೆಯ ಗಿಡ. ಗುಹೆಯ ಬಾಯಲ್ಲಿ, ಅರೆಗತ್ತಲಲ್ಲಿ, ಮೊನೊಫಿಲಿಯಾ ಎಂಬ ಗಿಡ ಬೆಳೆಯುತ್ತದೆ. ಬೀಜ ಮೊಳೆತಾಗ ಬರುವ ಎರಡು ಎಳೆಯೆಲೆಗಳಲ್ಲಿ ಒಂದು ಅಲ್ಲಿಗೇ ನಿಂತುಬಿಡುತ್ತದೆ. ಇನ್ನೊಂದು ಬೆಳೆಯುತ್ತಲೇ ಹೋಗುತ್ತದೆ. ಸಾಯುವ ತನಕ ಗಿಡಕ್ಕೆ ಅದೊಂದೇ ಎಲೆ. ಹೂ ಬಿಡುವುದೂ ಆ ಎಲೆಯ ಬುಡದಿಂದಲೇ.

ಪಟ್ಟಿ ಹಿಂದೆ ಬೀಳುವುದರ ಮೂಲ ಇಲ್ಲಿದೆ. ಒಂದು ಗುಡ್ಡದ ಗಿಡ ಪಕ್ಕದ ಗುಡ್ಡದಲ್ಲಿ ಇರಲೇಬೇಕೆಂದಿಲ್ಲ. ಹಾಗಾಗಿ ಒಂದರ ಪಟ್ಟಿ ಇನ್ನೊಂದಕ್ಕೆ ನಡೆಯುವುದಿಲ್ಲ. ಗುಡ್ಡಗಳು ನೂರಾರು, ಹತ್ತಿ ನೋಡುವ ತಜ್ಞರು ಕೆಲವರು. ನೆಲ ರಾಜ್ಯ ಸರ್ಕಾರಗಳದ್ದು, ಕಲ್ಲಿನಿಂದ ಆದಾಯ ಬರುತ್ತದೆ. 1985ರಲ್ಲಿ ತವರದ ಬೆಲೆ ಕುಸಿಯಿತು, ಆದರೆ ಸಿಮೆಂಟಿಗೆ ಬೇಡಿಕೆ ನಿಲ್ಲಲಿಲ್ಲ. ಯಾರೂ ನೋಡದ ಗುಡ್ಡ ಒಡೆದರೆ ಏನು ಹೋಯಿತೆಂದು ಹೇಳಲು ಕಾಗದವೂ ಇರುವುದಿಲ್ಲ. ಗಿಡ ಇಲ್ಲ ಎಂದಲ್ಲ, ಬರೆದವರಿಲ್ಲ ಅಷ್ಟೆ.

ಇಪೋ ಹತ್ತಿರದ ಗುನುಂಗ್ ಕಾಂತನ್‌ನಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಒಂದು ಮಗ್ಗುಲಲ್ಲಿ ಸಿಮೆಂಟಿಗಾಗಿ ಕಲ್ಲು ತೆಗೆಯುತ್ತಾರೆ. ಅದೇ ಗುಡ್ಡದ ಹೆಸರು ಹೊತ್ತ ಮರವೊಂದಿದೆ, ಮಿಯೋಗೈನ್ ಕಾಂತನೆನ್ಸಿಸ್, ಸೀತಾಫಲದ ಕುಟುಂಬದ್ದು. ಅಲ್ಲಿನ ಪುಟ್ಟ ಬಸವನಹುಳುವೊಂದಕ್ಕೆ 2014ರಲ್ಲಿ ವಿಜ್ಞಾನಿಗಳು ಆಗ ಅಲ್ಲಿ ಕಲ್ಲು ತೆಗೆಯುತ್ತಿದ್ದ ಸಿಮೆಂಟ್ ಕಂಪನಿ ಲಾಫಾರ್ಜ್‌ನ ಹೆಸರನ್ನೇ ಇಟ್ಟರು. ಹುಳುವಿನ ಉಳಿವು ಆಗ ಆ ಕಂಪನಿಯ ಕೈಯಲ್ಲೇ ಇತ್ತಲ್ವಾ.