ಪದ ಪರಿಚಯ: ಹೆಲ್ಪ್ ಸಿಂಡ್ರೋಮ್, ಬಿಪಿ ಏರದೆಯೂ ಬರುವ ನಂಜು

“ನಿನ್ನೆ ಗಿರ್ಮಿಟ್ ಜೋಡಿ ನಾಕು ಮಿರ್ಚಿ ತಿಂದಿ, ಪಿತ್ತ ಆಗೇತಿ. ಸೋಡಾ ಕುಡಿ, ಕಮ್ಮಿ ಆಗ್ತೈತಿ.”

ಹುಬ್ಬಳ್ಳಿ ಕಡೆ ಎಂಟು ತಿಂಗಳ ಬಸುರಿ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಅಂದರೆ ಮನೆಯ ಹಿರಿಯರ ಮಾತು ಹೀಗೇ ಇರುತ್ತದೆ. ಬಹಳ ಸಲ ಅದು ಪಿತ್ತವೇ ಆಗಿರುತ್ತದೆ. ಆದರೆ ನೋವು ಬಲಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಕೂತರೆ? ಅಲ್ಲಿರುವುದು ಲಿವರ್.

ಬಸುರಿನಲ್ಲಿ ಬಿಪಿ ಏರಿ ಆಗುವ ತೊಂದರೆಗೆ ನಮ್ಮಲ್ಲಿ ನಂಜು ಅನ್ನುವುದುಂಟು. ಇಂಗ್ಲಿಷಿನವರೂ ಹಿಂದೆ ಟಾಕ್ಸೀಮಿಯಾ ಅನ್ನುತ್ತಿದ್ದರು, ಅಂದರೆ ರಕ್ತದಲ್ಲಿ ವಿಷ. ಎಷ್ಟು ಹುಡುಕಿದರೂ ಆ ವಿಷ ಸಿಗಲಿಲ್ಲ. ಈಗಿನ ಹೆಸರು ಪ್ರಿಎಕ್ಲಾಂಪ್ಸಿಯಾ. ಎಕ್ಲಾಂಪ್ಸಿಯಾ ಅಂದರೆ ಫಿಟ್ಸ್. ಗ್ರೀಕ್ ಮೂಲದಲ್ಲಿ ಥಟ್ಟನೆ ಹೊಳೆಯುವುದು, ಮಿಂಚಿನ ಹಾಗೆ. ಅದಕ್ಕೂ ಹಿಂದಿನ ಹಂತ ‘ಪ್ರಿ’. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಲಿವರ್, ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಈ ಹೆಸರು. 160/110 ಆದರೆ ತೀವ್ರ ಅಂತ ಲೆಕ್ಕ.

ಇದರ ಬೇರು ಇರುವುದು ಮಾಸಿನಲ್ಲಿ (ಪ್ಲಸೆಂಟಾ). ಅದಕ್ಕೆ ರಕ್ತ ಸರಿಯಾಗಿ ಹರಿಯದಿದ್ದರೆ ತಾಯಿಯ ಮೈಯ ರಕ್ತನಾಳಗಳೆಲ್ಲ ಕೆಡುತ್ತವೆ. ಬಿಪಿ ಏರುವುದು ಅದರ ಒಂದು ಗುರುತು ಅಷ್ಟೇ. ಕೆಲವರಲ್ಲಿ ಆ ಗುರುತೇ ಕಾಣುವುದಿಲ್ಲ.

ಈ ನಂಜಿನದೇ ಒಂದು ತೀವ್ರ ರೂಪ ಹೆಲ್ಪ್ (HELLP), ಆ ಪದ ಮುಖ್ಯವಾಗುವುದು ಇಲ್ಲೇ. 1982ರಲ್ಲಿ ಅಮೆರಿಕದ ವೈದ್ಯ ಲೂಯಿ ವೈನ್‌ಸ್ಟೈನ್ ಮೂರು ತೊಂದರೆಗಳ ಮೊದಲಕ್ಷರ ಸೇರಿಸಿ ಇಟ್ಟ ಹೆಸರಿದು. ಕೆಂಪು ರಕ್ತಕಣ ಒಡೆಯುವುದು (ಹೀಮೊಲಿಸಿಸ್, H), ಲಿವರ್ ಎನ್‌ಜೈಮ್ ಏರುವುದು (ಎಲಿವೇಟೆಡ್ ಲಿವರ್ ಎನ್‌ಜೈಮ್ಸ್, EL), ಪ್ಲೇಟ್‌ಲೆಟ್ ಇಳಿಯುವುದು (ಲೋ ಪ್ಲೇಟ್‌ಲೆಟ್ಸ್, LP). ಪ್ಲೇಟ್‌ಲೆಟ್ ಅಂದ ಕೂಡಲೇ ನಮಗೆ ಡೆಂಗ್ಯೂನೇ ನೆನಪು, ಅಲ್ವಾ? ಮಳೆಗಾಲದಲ್ಲಿ ಡಾಕ್ಟರಿಗೂ ಈ ಗೊಂದಲ ತಪ್ಪಿದ್ದಲ್ಲ.

ಹೆಲ್ಪ್ ಬಂದ 100 ಹೆಂಗಸರಲ್ಲಿ ಸುಮಾರು 10ರಿಂದ 20 ಮಂದಿಗೆ ಬಿಪಿ ನಾರ್ಮಲ್ ಇರುತ್ತದೆ. ತಾಯಿ ಕಾರ್ಡಿನಲ್ಲಿ 120/80 ಅಂತ ಚೆಂದಾಗಿ ಬರೆದಿರುತ್ತದೆ, ಒಳಗೆ ಲಿವರ್ ಸೋಲುತ್ತಿರುತ್ತದೆ. ವಾಂತಿ, ಸುಸ್ತು, ಬಲಪಕ್ಕೆ ನೋವು, ಇಷ್ಟೇ ಸುಳಿವು. ರಕ್ತ ಕೊಟ್ಟು ಸಿಬಿಸಿ (ರಕ್ತಕಣಗಳ ಎಣಿಕೆ), ಎಲ್‌ಎಫ್‌ಟಿ (ಲಿವರ್ ಪರೀಕ್ಷೆ) ಮಾಡಿಸಿದರೆ ಬಯಲಾಗುತ್ತದೆ.

ಮೈ ಬಾಯುವುದೂ ನಂಜಿನ ಸುಳಿವಾಗಬಹುದು, ಆದರೆ ಅದರ ವಿಷಯ ಸ್ವಲ್ಪ ನಾಜೂಕು. ಸಂಜೆ ಹೊತ್ತಿಗೆ ಕಾಲು ಬಾಯುವುದು ಬಸುರಿನಲ್ಲಿ ಸಾಮಾನ್ಯ. ಬೆಳಗ್ಗೆ ಎದ್ದಾಗಲೇ ಮುಖ ಊದಿದ್ದರೆ, ಕುಬಸದಲ್ಲಿ ಸಲೀಸಾಗಿ ಏರಿದ್ದ ಹಸಿರು ಬಳೆ ನಾಲ್ಕೇ ದಿನಕ್ಕೆ ಕೈಗೆ ಕಚ್ಚಿಕೊಂಡಿದ್ದರೆ, ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಇದೆ. ಆದರೆ ಕಾಯಿಲೆ ಇಳಿಯಬೇಕಾದರೆ ಹೆರಿಗೆಯೇ ಆಗಬೇಕು, ದಿನ ತುಂಬಿರಲಿ ಬಿಡಲಿ. ಅಷ್ಟಾದರೂ ಮುಗಿಯಿತು ಅನ್ನುವಂತಿಲ್ಲ. ಹೆಲ್ಪ್ ಕೆಲವರಿಗೆ ಶುರುವಾಗುವುದೇ ಹೆರಿಗೆ ಆದ ಎರಡು ಮೂರು ದಿನದಲ್ಲಿ. ಬಾಣಂತಿ ತಲೆನೋವು ಅಂದರೆ ಥಂಡಿ ಗಾಳಿ ಬಡೀತು ಅಂತ ನಾವು ಕಿವಿಗೆ ಬಟ್ಟೆ ಬಿಗಿಯುತ್ತೇವೆ. ಬಿಗಿಯಿರಿ, ಬೇಡ ಅನ್ನುವುದಿಲ್ಲ. ಅವತ್ತೇ ಬಿಪಿನೂ ನೋಡಿಸಿ, ರಕ್ತಪರೀಕ್ಷೆನೂ ಮಾಡಿಸಿ.